ರಾಫೆಲ್‌ನ ಒಂದು ಮುಖ ನಕಲು ಮಾಡುತ್ತ ತೈಲವರ್ಣ ಭಾವಚಿತ್ರ ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೈಲವರ್ಣ ಕಲಿಯಲು ಭಾನುವಾರದ ತರಗತಿಗೆ ಬರುವವರಿಗೆ ಮೊದಲ ಭಾವಚಿತ್ರ ಅಂತ ನಾನು ಕೊಡುವುದು ಒಂದನ್ನೇ. ಇಟಲಿಯ ವರ್ಣಚಿತ್ರಕಾರ ರಾಫೆಲ್ 1514–15ರ ಸುಮಾರಿಗೆ ಬರೆದ ಬಾಲ್ದಾಸಾರೆ ಕಾಸ್ತಿಲ್ಯೋನೆಯ ಚಿತ್ರ. ಮೂಲ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಕೆಳಗಿನ ಪ್ರಶ್ನೆಗಳು ತರಗತಿಯ ಕಾಫಿ ಬಿಡುವಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೇಲಿನಿಂದಲೇ ಓದಬೇಕೆಂದೇನಿಲ್ಲ, ನಿಮ್ಮ ತೊಂದರೆ ಎಲ್ಲಿದೆಯೋ ಅಲ್ಲಿಗೆ ನೇರವಾಗಿ ಹೋಗಿ.

## ಶುರು ಮಾಡುವ ಮುನ್ನ

"ಬೇರೆಯವರ ಚಿತ್ರ ನಕಲು ಮಾಡಿದರೆ ಕಲೆ ಹೇಗೆ ಬರುತ್ತೆ ಸರ್? ಅದರಲ್ಲಿ ನನ್ನದು ಅಂತ ಏನಿರುತ್ತೆ?"

ನಿಮ್ಮದು ಅಂತ ಏನೂ ಇರುವುದಿಲ್ಲ, ಸದ್ಯಕ್ಕೆ ಇರಬೇಕಾಗಿಯೂ ಇಲ್ಲ. ಇಟಲಿಯ ಚೆನ್ನಿನೊ ಚೆನ್ನಿನಿ ಎಂಬ ವರ್ಣಚಿತ್ರಕಾರ 1400ರ ಆಸುಪಾಸಿನಲ್ಲೇ ಕಲಿಯುವ ಹುಡುಗರಿಗೆ ಹೇಳಿದ್ದ: ಒಳ್ಳೆಯ ಗುರು ಒಬ್ಬನನ್ನು ಹಿಡಿದು ದಿನವೂ ಅವನದನ್ನೇ ನಕಲು ಮಾಡು, ಇವತ್ತೊಬ್ಬ ನಾಳೆಯೊಬ್ಬ ಅಂತ ಅಲೆಯಬೇಡ ಎಂದು. ನಾವು ಕೈಗೆತ್ತಿಕೊಂಡಿರುವ ಈ ಚಿತ್ರವನ್ನೇ ಮುಂದೆ ಬಂದ ದೊಡ್ಡ ಚಿತ್ರಕಾರರೂ ನಕಲು ಮಾಡಿದರು. ರೂಬೆನ್ಸ್ ಒಂದು ನಕಲು ಮಾಡಿದ. ಅದು ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿದೆ. 1639ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದು ಹರಾಜಿಗೆ ಬಂದಾಗ ರೆಂಬ್ರಾಂಟ್ ಅಲ್ಲಿದ್ದ. ಪೆನ್ನಿನಲ್ಲಿ ಬೇಗಬೇಗ ಒಂದು ರೇಖಾಚಿತ್ರ ಮಾಡಿಕೊಂಡು, ಪಕ್ಕದಲ್ಲಿ 3500 ಗಿಲ್ಡರ್‌ಗೆ ಹೋಯಿತು ಎಂದೂ ಬರೆದುಕೊಂಡ. ಆ ಹಾಳೆ ವಿಯೆನ್ನಾದ ಅಲ್ಬರ್ಟೀನಾ ಮ್ಯೂಸಿಯಂನಲ್ಲಿದೆ. ಎರಡೂವರೆ ಶತಮಾನದ ಮೇಲೆ ಮಾಟಿಸ್ ಕೂಡ ಇದನ್ನು ನಕಲು ಮಾಡಿದ. ಮೂವರ ಚಿತ್ರಗಳೂ ರಾಫೆಲ್‌ನ ಹಾಗೆ ಕಾಣುವುದಿಲ್ಲ.

ಎದುರಿಗೆ ಜೀವಂತ ಮನುಷ್ಯನನ್ನು ಕೂರಿಸಿಕೊಂಡರೆ ಎಲ್ಲವನ್ನೂ ನೀವೇ ತೀರ್ಮಾನಿಸಬೇಕು. ಯಾವ ನೆರಳನ್ನು ಸೇರಿಸಿಬಿಡಬೇಕು, ಯಾವ ಅಂಚು ಚೂಪಾಗಿರಬೇಕು, ಎಲ್ಲಿ ಬಣ್ಣ ತಣ್ಣಗಾಗಬೇಕು, ಎಲ್ಲವೂ. ಹೊಸಬರಿಗೆ ಅಷ್ಟೊಂದು ಒಟ್ಟಿಗೆ ಆಗದ ಮಾತು. ಇಲ್ಲಿ ಆ ತೀರ್ಮಾನಗಳೆಲ್ಲ ಆಗಿಹೋಗಿವೆ. ಅವು ಯಾವುವು, ಯಾವುದಾದ ಮೇಲೆ ಯಾವುದು ಆಗಿರಬೇಕು ಎಂದು ಕಂಡುಹಿಡಿಯುವುದೇ ಕೆಲಸ. ಮುಖ ಹೋಲದಿದ್ದರೂ ನನಗೆ ಬೇಸರವಿಲ್ಲ. ಮುಖ ಕಟ್ಟಿದ ಕ್ರಮ ತಿಳಿಯದೆ ಹೋದರೆ ಮಾತ್ರ ಅಷ್ಟು ದಿನ ಕೂತದ್ದು ವ್ಯರ್ಥ.

"ಮೋನಾ ಲೀಸಾ ಬಿಟ್ಟು ಇವನ್ಯಾಕೆ? ಇವನ ಹೆಸರೇ ಕೇಳಿಲ್ಲ."

ಕೇಳಿಲ್ಲದಿರುವುದೇ ಒಳ್ಳೆಯದು. ಮೋನಾ ಲೀಸಾಳನ್ನು ನಕಲು ಮಾಡುವವರು ಎದುರಿಗಿರುವ ಚಿತ್ರವನ್ನು ನೋಡುವುದಿಲ್ಲ, ತಲೆಯಲ್ಲಿರುವುದನ್ನು ಬರೆಯುತ್ತಾರೆ. ಜೊತೆಗೆ ಲಿಯೊನಾರ್ಡೊ ಅಲ್ಲಿ ಹಚ್ಚಿರುವ ಪದರಗಳು ಕಣ್ಣಿಗೆ ಬೀಳದಷ್ಟು ತೆಳು, ಮೇಲೆ ಹಳದಿಗಟ್ಟಿದ ವಾರ್ನಿಶ್ ಬೇರೆ. ಅಲ್ಲಿ ಕ್ರಮ ಕಾಣುವುದೇ ಕಷ್ಟ.

ಕಾಸ್ತಿಲ್ಯೋನೆ ಮಾಂಟುವಾ ಕಡೆಯವನು. 1478ರಲ್ಲಿ ಹುಟ್ಟಿದ, ಉರ್ಬಿನೋ ಆಸ್ಥಾನದಲ್ಲಿದ್ದ, ರಾಯಭಾರಿಯಾಗಿದ್ದ, ಆಸ್ಥಾನಿಕ ಹೇಗಿರಬೇಕು ಎಂದು ಯುರೋಪಿಗೆಲ್ಲ ಪಾಠ ಹೇಳಿದ. ರಾಫೆಲ್ ಹುಟ್ಟಿದ್ದೂ ಉರ್ಬಿನೋದಲ್ಲೇ; ಇಬ್ಬರೂ ಗೆಳೆಯರು. ಕೂತ ಭಂಗಿಯನ್ನು ರಾಫೆಲ್ ಮೋನಾ ಲೀಸಾಳಿಂದಲೇ ಎತ್ತಿಕೊಂಡಿದ್ದಾನೆ: ಮೈ ಓರೆ, ಮುಖ ಹೆಚ್ಚುಕಡಿಮೆ ನಮ್ಮ ಕಡೆಗೆ, ಕೆಳಗೆ ಕೂಡಿಸಿದ ಕೈಗಳು. ಆದರೆ ಹಿಂದಿನ ಬೆಟ್ಟ, ನದಿಗಳನ್ನೆಲ್ಲ ತೆಗೆದುಹಾಕಿ ಬರೀ ಮಣ್ಣುಬಣ್ಣದ ಗೋಡೆ ಇಟ್ಟ. ಕಪ್ಪು ಟೊಪ್ಪಿಗೆ, ಕಪ್ಪು ಅಂಗಿ, ಬೂದು ತುಪ್ಪಳದ ತೋಳು, ಎದೆಯ ಮೇಲೆ ಒಂದಿಷ್ಟು ಬಿಳಿ ಅಂಗಿ. ಚಿತ್ರದಲ್ಲಿ ನಿಜವಾಗಿ ಬಣ್ಣ ಅಂತ ಇರುವುದು ಮುಖದಲ್ಲಿ ಮತ್ತು ಆ ನೀಲಿ ಕಣ್ಣಿನಲ್ಲಿ. ಆರು ಟ್ಯೂಬಿನಲ್ಲಿ ಮುಗಿಯುವ ಮಹಾಕೃತಿ ಇನ್ನೊಂದು ನನಗೆ ಗೊತ್ತಿಲ್ಲ.

"ನನಗೆ ಡ್ರಾಯಿಂಗ್ ಅಷ್ಟಕ್ಕಷ್ಟೆ. ಮೊದಲು ಡ್ರಾಯಿಂಗ್ ಪೂರ್ತಿ ಕಲಿತು ಆಮೇಲೆ ಬರಲಾ?"

ಪೂರ್ತಿ ಕಲಿತವರು ಯಾರೂ ಇಲ್ಲ. ಒಂದು ಚೆಂಡಿಗೆ ಇದ್ದಿಲಿನಲ್ಲಿ ನೆರಳು ಕೊಟ್ಟು ದುಂಡಗೆ ಕಾಣಿಸಬಲ್ಲಿರಾದರೆ ಬನ್ನಿ. ಅದಾಗದಿದ್ದರೆ ಒಂದು ತಿಂಗಳು ಇದೇ ಚಿತ್ರವನ್ನು ಇದ್ದಿಲಿನಲ್ಲಿ ಮಾಡಿ. ಆ ಕೆಲಸ ದಂಡವಾಗುವುದಿಲ್ಲ, ಹೇಗೂ ಬೇಕಾಗುತ್ತದೆ.

"ಏನೇನು ತಗೋಬೇಕು? ಅಂಗಡಿಯವರು ಇಪ್ಪತ್ನಾಲ್ಕು ಬಣ್ಣದ ಸೆಟ್ ತಗೊಳ್ಳಿ ಅಂತಾರೆ."

ಸೆಟ್ ಬೇಡ. ಅದೇ ದುಡ್ಡಿಗೆ ಬಿಡಿ ಟ್ಯೂಬು, 'ಆರ್ಟಿಸ್ಟ್' ದರ್ಜೆಯದ್ದು ಬರುತ್ತದೆ. ಟೈಟೇನಿಯಂ ವೈಟ್ ದೊಡ್ಡ ಟ್ಯೂಬ್, ಯೆಲ್ಲೋ ಓಕರ್, ಲೈಟ್ ರೆಡ್, ರಾ ಅಂಬರ್ (ಕಂದು), ಐವರಿ ಬ್ಲ್ಯಾಕ್, ತುಟಿಗೂ ಕೆನ್ನೆಗೂ ಚೂರು ಕ್ಯಾಡ್ಮಿಯಂ ರೆಡ್. ನೀಲಿ ಬೇಡ, ಯಾಕೆ ಅಂತ ಕಣ್ಣಿನ ಪ್ರಶ್ನೆಯಲ್ಲಿ ಹೇಳುತ್ತೇನೆ. ಜಿಂಕ್ ವೈಟ್ ಕೊಟ್ಟರೆ ವಾಪಸ್ ಕೊಡಿ, ಅದರ ಪದರ ವರ್ಷಗಳು ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತದೆ.

ಹಂದಿಗೂದಲಿನ ಚಪ್ಪಟೆ ಬ್ರಷ್ ಎರಡು (4 ಮತ್ತು 8ನೇ ನಂಬರು), ಮೆದು ಕೂದಲಿನ ಗುಂಡು ಬ್ರಷ್ ಒಂದು ಸಣ್ಣದು, ಒಂದು ಪ್ಯಾಲೆಟ್ ನೈಫ್, ಹಳೆ ಹತ್ತಿ ಬಟ್ಟೆ. ಅಗಸೆ ಎಣ್ಣೆ ಚಿತ್ರಕಲೆಯ ಅಂಗಡಿಯದ್ದೇ ಇರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ 'ಬಾಯ್ಲ್ಡ್' ಅಂತ ಸಿಗುವುದಕ್ಕೆ ಒಣಗಿಸುವ ಲವಣ ಸೇರಿಸಿರುತ್ತಾರೆ, ಅದು ಬಾಗಿಲು ಕಿಟಕಿಗೆ ಸರಿ. ಅಲ್ಲಿನ ಟರ್ಪೆಂಟೈನಿನಲ್ಲಿ ಬ್ರಷ್ ತೊಳೆಯಬಹುದು, ಬಣ್ಣಕ್ಕೆ ಬೆರೆಸಬೇಡಿ; ಬಣ್ಣ ತೆಳು ಮಾಡಲು ಚಿತ್ರಕಲೆಯ ಅಂಗಡಿಯ ಟರ್ಪೆಂಟೈನೇ ಇರಲಿ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಹಾಕಬಹುದಾ ಅಂತ ವರ್ಷಕ್ಕೊಬ್ಬರಾದರೂ ಕೇಳುತ್ತಾರೆ. ಅವು ಒಣಗುವ ಜಾತಿಯ ಎಣ್ಣೆಗಳೇ ಅಲ್ಲ. ಚಿತ್ರ ಮೊಮ್ಮಕ್ಕಳ ಕಾಲಕ್ಕೂ ಅಂಟುತ್ತಿರುತ್ತದೆ.

"ಕ್ಯಾನ್ವಾಸ್ ಎಷ್ಟು ದೊಡ್ಡದು ಬೇಕು?"

ಮೂಲ 82 ಸೆಂ.ಮೀ. ಎತ್ತರ, 67 ಸೆಂ.ಮೀ. ಅಗಲ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ 16×20 ಇಂಚಿನದು ಇದಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಅಗಲ 16 ಇಂಚು ಇಟ್ಟುಕೊಂಡರೆ ಎತ್ತರ 19.6 ಇಂಚು ಬರುತ್ತದೆ. ಉಳಿದ ಪಟ್ಟಿಯನ್ನು ಪೆನ್ಸಿಲ್ ಗೆರೆ ಎಳೆದು ಬಿಟ್ಟುಬಿಡಿ. ಅದನ್ನು ತುಂಬಿಸಲೆಂದು ಚಿತ್ರ ಹಿಗ್ಗಿಸಿದಿರೋ, ಅವನ ಮುಖ ಉದ್ದವಾಗುತ್ತದೆ. ಇದಕ್ಕಿಂತ ಚಿಕ್ಕದು ಬೇಡ, ಕಣ್ಣಿನ ರೆಪ್ಪೆ ಬ್ರಷ್ಷಿಗೆ ಸಿಗುವುದಿಲ್ಲ.

"ಮೊಬೈಲಿನಲ್ಲಿ ನೋಡಿಕೊಂಡು ಮಾಡಬಹುದಾ?"

ಬರೀ ಮೊಬೈಲಾದರೆ ಬೇಡ. ಲೂವ್ರ್ ತನ್ನ ಸಂಗ್ರಹದ ಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ನೋಡಲು ಇಟ್ಟಿದೆ, ವಿಕಿಮೀಡಿಯಾದಲ್ಲೂ ಒಳ್ಳೆಯ ಪ್ರತಿ ಸಿಗುತ್ತದೆ. ಅದನ್ನು ಫೋಟೋ ಲ್ಯಾಬಿನಲ್ಲಿ ಕ್ಯಾನ್ವಾಸಿನಷ್ಟೇ ಅಳತೆಗೆ ಮ್ಯಾಟ್ ಕಾಗದದಲ್ಲಿ ಪ್ರಿಂಟ್ ಹಾಕಿಸಿ ಈಸಲ್ಲಿನ ಮೇಲೆ ಪಕ್ಕದಲ್ಲೇ ಸಿಕ್ಕಿಸಿ. ಎರಡೂ ಒಂದೇ ಅಳತೆ, ಒಂದೇ ಬೆಳಕು. ಮೂರು ಹೆಜ್ಜೆ ಹಿಂದೆ ನಿಂತರೆ ತಪ್ಪು ತಾನಾಗಿ ಕಾಣುತ್ತದೆ. ಪ್ರಿಂಟಿನಲ್ಲಿ ಕಪ್ಪುಗಳು ಮುಚ್ಚಿಹೋಗಿರುತ್ತವೆ, ಅಂಗಿಯ ಮಡಿಕೆ ನೋಡಲು ಮಾತ್ರ ಟ್ಯಾಬ್ ಅಥವಾ ಕಂಪ್ಯೂಟರ್ ಪರದೆ ಇಟ್ಟುಕೊಳ್ಳಿ. ಕಪ್ಪು-ಬಿಳುಪಿನ ಪ್ರಿಂಟ್ ಒಂದನ್ನೂ ಹಾಕಿಸಿ. ಬಣ್ಣದ ಪ್ರಿಂಟಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

"ಅಕ್ರಿಲಿಕ್‌ನಲ್ಲೇ ಮಾಡಿದರೆ ಆಗಲ್ವಾ? ಬೇಗ ಒಣಗುತ್ತೆ."

ಬೇಗ ಒಣಗುವುದೇ ತೊಂದರೆ. ಕೆನ್ನೆ ನೆರಳಿಗೆ ತಿರುಗುವ ಜಾಗದಲ್ಲಿ ಎರಡು ಹಸಿ ಬಣ್ಣಗಳನ್ನು ಅರ್ಧ ಗಂಟೆ ಆಡಿಸಬೇಕು. ಅಕ್ರಿಲಿಕ್ ಅಷ್ಟು ಹೊತ್ತು ಕಾಯುವುದಿಲ್ಲ.

## ಕೈ ಹಾಕಿದ ಮೇಲೆ

"ಗ್ರಿಡ್ ಹಾಕೋದು, ಟ್ರೇಸ್ ಮಾಡೋದು ಮೋಸ ಅಲ್ವಾ?"

ಬ್ಲೌಸಿಗೆ ಆರಿ ವರ್ಕ್ ಮಾಡುವವರನ್ನು ನೋಡಿದ್ದೀರಲ್ಲ. ಟ್ರೇಸಿಂಗ್ ಪೇಪರಿನ ಮೇಲೆ ಡಿಸೈನ್ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಬಟ್ಟೆಯಲ್ಲಿ ಒರೆಸುತ್ತಾರೆ. ಕಾಗದ ಎತ್ತಿದರೆ ಕೆಳಗೆ ಚುಕ್ಕಿಯ ಚಿತ್ರ. ರಾಫೆಲ್‌ನ ಚಿತ್ರಶಾಲೆಯಲ್ಲೂ ಇದೇ ವಿದ್ಯೆ. ಪೂರ್ತಿ ಅಳತೆಯ ರೇಖಾಚಿತ್ರಕ್ಕೆ ತೂತು ಚುಚ್ಚಿ, ಇದ್ದಿಲು ಪುಡಿಯ ಬಟ್ಟೆಗಂಟಿನಿಂದ ತಟ್ಟುತ್ತಿದ್ದರು. ಹಾಗೆ ಚುಚ್ಚಿದ ಅವನ ರೇಖಾಚಿತ್ರಗಳು ಈಗಲೂ ಉಳಿದಿವೆ. ಅವನಿಗೆ ಮೋಸವಲ್ಲದ್ದು ನಮಗೂ ಅಲ್ಲ.

ಆದರೂ ಕಲಿಯುವವರಿಗೆ ಗ್ರಿಡ್ ಮೇಲು ಎನ್ನುತ್ತೇನೆ. ಟ್ರೇಸಿನಲ್ಲಿ ಕೈ ಮಾತ್ರ ಓಡುತ್ತದೆ. ಗ್ರಿಡ್ಡಿನಲ್ಲಿ ಪ್ರತಿ ಚೌಕದಲ್ಲೂ ಗೆರೆ ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಅಂತ ನೋಡಲೇಬೇಕು. ಎರಡೆರಡು ಇಂಚಿನ ಚೌಕ ಸಾಕು, ಮುಖದ ಭಾಗದಲ್ಲಿ ಮಾತ್ರ ಒಂದೊಂದು ಇಂಚು. ಗೆರೆಯನ್ನು ಪೆನ್ಸಿಲ್ಲಿನಲ್ಲಿ ಒತ್ತಿ ಎಳೆಯಬೇಡಿ, ಮುಂದೊಂದು ದಿನ ತೆಳು ಬಣ್ಣದಡಿಯಿಂದ ಇಣುಕುತ್ತದೆ. ಇದ್ದಿಲು ಸಾಕು.

ಇನ್ನೊಂದು ಮಾತು. ಕೈಗಳು ಮೂಲದಲ್ಲಿ ಕೆಳಗಿನ ಅಂಚಿಗೆ ಕತ್ತರಿಸಿಹೋದ ಹಾಗಿವೆ. ಹಳೆಯ ಕೆಲವು ನಕಲುಗಳಲ್ಲಿ ಕೈ ಪೂರ್ತಿ ಇದೆ. ಅವನ್ನು ನೋಡಿ ನೀವೂ ಬೆರಳು ಬೆಳೆಸಲು ಹೋಗಬೇಡಿ, ನಿಮ್ಮ ಕ್ಯಾನ್ವಾಸಿನಲ್ಲಿ ಜಾಗವಿಲ್ಲ.

"ಬಿಳಿ ಕ್ಯಾನ್ವಾಸ್ ಮೇಲೆ ನೇರವಾಗಿ ಬಣ್ಣ ಹಚ್ಚಿದರೆ ಏನಾಗುತ್ತೆ?"

ಬಿಳಿಯ ಪಕ್ಕದಲ್ಲಿ ಯಾವ ಮೈಬಣ್ಣ ಇಟ್ಟರೂ ಕಪ್ಪಾಗಿ ಕಾಣುತ್ತದೆ. ನೀವು ಹೆದರಿ ಇನ್ನಷ್ಟು ಬಿಳಿ ಬೆರೆಸುತ್ತೀರಿ. ಕೊನೆಗೆ ಹಿನ್ನೆಲೆ ತುಂಬಿದಾಗ ನೋಡಿದರೆ ಮುಖ ಸುಣ್ಣ ಬಳಿದ ಹಾಗಾಗಿರುತ್ತದೆ. ಅದಕ್ಕೇ ಮೊದಲು ಕ್ಯಾನ್ವಾಸಿನ ಬಿಳಿಯನ್ನು ಕೊಲ್ಲಬೇಕು.

ರಾ ಅಂಬರನ್ನು ಟರ್ಪೆಂಟೈನಿನಲ್ಲಿ ಕಾಫಿ ಡಿಕಾಕ್ಷನ್ನಿನಷ್ಟು ತೆಳು ಮಾಡಿ ಇಡೀ ಕ್ಯಾನ್ವಾಸಿಗೆ ದೊಡ್ಡ ಬ್ರಷ್ಷಿನಲ್ಲಿ ಹಚ್ಚಿ. ಐದು ನಿಮಿಷ ಬಿಟ್ಟು ಬಟ್ಟೆಯಿಂದ ಸಮನಾಗಿ ಒರೆಸಿ. ಈಗ ಕ್ಯಾನ್ವಾಸ್ ನಡುಛಾಯೆಗೆ ಬಂತು. ಅದು ಒಣಗಿದ ಮೇಲೆ ರೇಖಾಚಿತ್ರ ಇಳಿಸಿ. ಆಮೇಲೆ ಅದೇ ಅಂಬರನ್ನು ಇನ್ನೊಂದು ಚೂರು ಗಟ್ಟಿಯಾಗಿ ತೆಗೆದುಕೊಂಡು ನೆರಳುಗಳನ್ನು ಮಾತ್ರ ಹಾಕಿ. ಹಣೆ, ಮೂಗಿನ ಬೆನ್ನು, ಬಿಳಿ ಅಂಗಿ ಇರುವ ಕಡೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಒರೆಸಿ ಬೆಳಕು ತೆಗೆಯಿರಿ. ಬಿಳಿ ಬಣ್ಣ ಮುಟ್ಟುವಂತಿಲ್ಲ. ಒಂದೇ ಕಂದು ಬಣ್ಣದಲ್ಲಿ, ಹಚ್ಚುವುದು ಒರೆಸುವುದು ಎರಡರಲ್ಲೇ ಪೂರ್ತಿ ಮನುಷ್ಯ ಎದ್ದು ಕೂರಬೇಕು.

ಇಲ್ಲಿ ಕಪ್ಪು-ಬಿಳುಪಿನ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಕಣ್ಣು ಕಿರಿದು ಮಾಡಿ ನೋಡಿ. ಟೊಪ್ಪಿಗೆ, ಗಡ್ಡ, ಅಂಗಿ ಎಲ್ಲ ಒಂದೇ ಕಪ್ಪು ಮುದ್ದೆಯಾಗಿ, ಮುಖ ಮತ್ತು ಎದೆಯ ಬಿಳಿ ಎರಡು ಬೆಳಕಿನ ತುಂಡುಗಳಾಗಿ ಕಾಣುತ್ತವೆ. ಮೂಲದಲ್ಲೂ ಹಾಗೇ, ನಿಮ್ಮದರಲ್ಲೂ ಹಾಗೇ ಕಂಡರೆ ಮುಂದೆ ಹೋಗಿ. ಇಲ್ಲದಿದ್ದರೆ ಒರೆಸಿ ಮತ್ತೆ ಮಾಡಿ, ಈ ಹಂತದಲ್ಲಿ ಒರೆಸಲು ಖರ್ಚಿಲ್ಲ. ಮೂರನೇ ಭಾನುವಾರಕ್ಕೇ ತುಟಿಗೆ ಕೆಂಪು ಹಚ್ಚಲು ಎಲ್ಲರಿಗೂ ಅವಸರ. ನನ್ನ ಬಾಯಿಂದ ಅತಿ ಹೆಚ್ಚು ಸಲ ಬರುವ ಮಾತು 'ಇನ್ನೂ ಬಣ್ಣ ಬೇಡ'.

"ಮೈಬಣ್ಣ ಬರೋದೇ ಇಲ್ಲ. ಒಂದೋ ಕಿತ್ತಳೆ ಹಣ್ಣು, ಇಲ್ಲಾ ಹೆಣ."

ಕಿತ್ತಳೆ ಆಗುವುದು ಇಡೀ ಮುಖಕ್ಕೆ ಒಂದೇ ಮಿಶ್ರಣ ಹಚ್ಚಿದಾಗ. ಹೆಣದ ಬಣ್ಣ ಬರುವುದು ಬೆಳಕಿಗೆ ಬಿಳಿ, ನೆರಳಿಗೆ ಕಪ್ಪು ಅಂತ ಬೆರೆಸುತ್ತ ಹೋದಾಗ.

ಪ್ಯಾಲೆಟ್ಟಿನ ಮೇಲೆ ಮೊದಲೇ ಮೂರು ಗುಡ್ಡೆ ಮಾಡಿಕೊಳ್ಳಿ. ಬೆಳಕಿಗೆ: ಬಿಳಿ, ಅದಕ್ಕೆ ಓಕರ್, ಲೈಟ್ ರೆಡ್ ತುಸು. ನಡುಛಾಯೆಗೆ: ಅದೇ ಮಿಶ್ರಣಕ್ಕೆ ಇನ್ನಷ್ಟು ಓಕರ್ ಮತ್ತು ಲೈಟ್ ರೆಡ್, ಜೊತೆಗೆ ಸಾಸಿವೆಯಷ್ಟು ಕಪ್ಪು. ನೆರಳಿಗೆ: ಅಂಬರ್, ಲೈಟ್ ರೆಡ್, ಓಕರ್, ಬಿಳಿ ಬೇಡವೇ ಬೇಡ. ನೆರಳಿಗೆ ಬಿಳಿ ಹೋಯಿತೋ ಅದು ಮಸುಕಾಗಿ ಮುಂದಕ್ಕೆ ಬರುತ್ತದೆ. ನೆರಳು ತೆಳುವಾಗಿ, ಕೆಳಗಿನ ಅಂಬರ್ ಉಸಿರಾಡುವಂತೆ ಇರಲಿ, ಬೆಳಕು ದಪ್ಪ.

ಗುಟ್ಟಿರುವುದು ಬೆಳಕು ನೆರಳಿಗೆ ತಿರುಗುವ ಆ ಕಿರಿದಾದ ಪಟ್ಟಿಯಲ್ಲಿ. ಮೂಲದ ಕೆನ್ನೆಯನ್ನು ದೊಡ್ಡದು ಮಾಡಿ ನೋಡಿ, ಅಲ್ಲಿ ಬಣ್ಣ ಕೆಂಪೂ ಅಲ್ಲ ಕಂದೂ ಅಲ್ಲ, ಬೂದುಹಸಿರಿನ ಒಂದು ಛಾಯೆ ಸುಳಿದು ಹೋಗುತ್ತದೆ. ಓಕರಿಗೆ ಕಪ್ಪು ಬೆರೆಸಿದರೆ ಹಸಿರು ಬರುತ್ತದೆ, ಮಾಡಿ ನೋಡಿ. ಅದಕ್ಕೆ ಚೂರು ಬಿಳಿ ಸೇರಿಸಿ ಆ ಪಟ್ಟಿಗಿಟ್ಟು, ಎರಡೂ ಕಡೆಗೆ ಒಣ ಬ್ರಷ್ಷಿನಲ್ಲಿ ಮೆಲ್ಲಗೆ ತೀಡಿ. ಕೆನ್ನೆ ಅಲ್ಲೇ ತಿರುಗುತ್ತದೆ.

ಮುಖದಲ್ಲಿ ರಕ್ತ ಎಲ್ಲೆಡೆ ಒಂದೇ ಸಮ ಇರುವುದಿಲ್ಲ ಎಂಬುದೂ ನೆನಪಿರಲಿ. ಹಣೆ ಹಳದಿಯ ಕಡೆಗೆ. ಮೂಗಿನ ತುದಿ, ಕೆನ್ನೆ, ಕಿವಿ ಕೆಂಪಿನ ಕಡೆಗೆ. ಕ್ಯಾಡ್ಮಿಯಂ ರೆಡ್ ಬೇಕಾಗುವುದು ಇಲ್ಲಿ, ಅದೂ ಬ್ರಷ್ಷಿನ ತುದಿಗೆ ಹತ್ತಿದಷ್ಟು.

"ಕಣ್ಣು ಗೊಂಬೆ ಕಣ್ಣಿನ ಹಾಗೆ ಕಾಣುತ್ತೆ."

ಕಣ್ಣಿನ ಬಿಳಿಗೆ ಬಿಳಿ ಹಚ್ಚಿದ್ದೀರಿ. ಅದು ಬಿಳಿಯಲ್ಲ; ಮೇಲಿನ ರೆಪ್ಪೆಯ ನೆರಳಿನಲ್ಲಿರುವ ಒಂದು ಗುಂಡು. ಹಣೆಯ ಬೆಳಕಿಗಿಂತ ಅದು ಖಂಡಿತ ಗಾಢ. ಬಿಳಿ ಕಾಗದದಲ್ಲಿ ಹೆಸರುಕಾಳಿನಷ್ಟು ತೂತು ಮಾಡಿ ಪ್ರಿಂಟಿನ ಕಣ್ಣಿನ ಮೇಲಿಡಿ, ನಂಬದಿದ್ದರೆ. ಬೂದು ಕಾಣುತ್ತದೆ.

ಅವನ ಕಣ್ಣಿನ ನೀಲಿ ಬರೀ ಕಪ್ಪು ಮತ್ತು ಬಿಳಿಯಲ್ಲೇ ಆಗುತ್ತದೆ. ಐವರಿ ಬ್ಲ್ಯಾಕಿಗೆ ಬಿಳಿ ಬೆರೆಸಿದರೆ ಬರುವ ಬೂದು ತಣ್ಣನೆಯದು. ಸುತ್ತ ಬೆಚ್ಚನೆಯ ಓಕರ್, ಕೆಂಪು ಇದ್ದರೆ ಅದು ನೀಲಿಯಾಗಿಯೇ ಕಾಣುತ್ತದೆ. ಅಲ್ಟ್ರಾಮರೀನ್ ಹಾಕಿದರೆ ಕಣ್ಣು ಮುಖ ಬಿಟ್ಟು ಹೊರಗೆ ಹಾರುತ್ತದೆ. ಮೇಲ್ರೆಪ್ಪೆಯ ಅಂಚು ಗಾಢ, ಕೆಳರೆಪ್ಪೆಯ ಅಂಚು ಮೆದು. ರೆಪ್ಪೆಗೂದಲು ಒಂದೊಂದಾಗಿ ಎಣಿಸಬೇಡಿ. ಕಣ್ಣಿನ ಹೊಳಪು ಎಲ್ಲಕ್ಕಿಂತ ಕೊನೆಗೆ, ಒಂದೇ ಸಲ, ಇಟ್ಟ ಮೇಲೆ ಮುಟ್ಟುವಂತಿಲ್ಲ.

"ಕಪ್ಪು ಅಂಗಿ ತೂತಿನ ಹಾಗೆ ಚಪ್ಪಟೆಯಾಗಿ ಕಾಣುತ್ತೆ."

ಟ್ಯೂಬಿನ ಕಪ್ಪನ್ನು ಹಾಗೇ ತುಂಬಿದರೆ ಇನ್ನೇನಾಗುತ್ತದೆ? ಕಪ್ಪಿಗೆ ಅಂಬರ್ ಬೆರೆಸಿ ಬೆಚ್ಚನೆಯ ಕಪ್ಪು ಮಾಡಿ ಎಲ್ಲೆಡೆ ಹಾಕಿ. ಮಡಿಕೆಗೆ ಬೆಳಕು ಬಿದ್ದ ಕಡೆ ಕಪ್ಪಿಗೆ ತುಸುವೇ ಬಿಳಿ ಸೇರಿಸಿದ ತಣ್ಣನೆಯ ಛಾಯೆ. ಬರೀ ಕಪ್ಪು ಅತಿ ಆಳದ ಎರಡು ಮೂರು ಜಾಗಕ್ಕೆ ಮಾತ್ರ. ಟೊಪ್ಪಿಗೆಯ ಅಂಚನ್ನು ಸುತ್ತಲೂ ಕತ್ತರಿಸಿದ ಹಾಗೆ ಮಾಡದೆ, ಒಂದೆರಡು ಕಡೆ ಹಸಿಯಲ್ಲೇ ಹಿನ್ನೆಲೆಗೆ ಕರಗಿಸಿ.

"ತುಪ್ಪಳ, ಗಡ್ಡ ಒಂದೊಂದು ಕೂದಲೂ ಬರೀಬೇಕಾ?"

ಬೇಡ. ಮೊದಲು ಗಡ್ಡವನ್ನು ಒಂದು ಗಾತ್ರ ಅಂತ ನೋಡಿ ಬೆಳಕಿನ ಕಡೆ ನೆರಳಿನ ಕಡೆ ಎರಡೇ ಛಾಯೆಯಲ್ಲಿ ಕಟ್ಟಿ. ಹಸಿ ಇರುವಾಗಲೇ ಅಂಚನ್ನು ಹೊರಗಡೆಗೆ ಎಳೆಯಿರಿ. ಕೂದಲು ಅಂತ ಹೇಳುವುದು ಅಂಚಿನ ಹತ್ತಿಪ್ಪತ್ತು ಎಳೆಗಳೇ. ತೋಳಿನ ತುಪ್ಪಳಕ್ಕೂ ಅಷ್ಟೆ: ಬೂದು ಹಾಸಿ, ಹಂದಿಗೂದಲಿನ ಒಣ ಬ್ರಷ್ಷನ್ನು ಬಿಡಿಸಿ ಹಿಡಿದು ಮೇಲೆ ಮೆಲ್ಲಗೆ ಸವರಿ.

"ವಾರ ಆದರೂ ಒಣಗಿಲ್ಲ. ಫ್ಯಾನ್ ಹಾಕಲಾ, ಬಿಸಿಲಿಗೆ ಇಡಲಾ?"

ಬಟ್ಟೆ ಒಣಗುವ ಹಾಗೆ ಇದು ಒಣಗುವುದಿಲ್ಲ. ನೀರು ಆರುವುದಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುವುದು. ಹಾಗಾಗಿ ಬೆಳಕು, ಗಾಳಿಯಾಟ, ತುಸು ಬಿಸಿ ಬೇಕು. ಮಳೆಗಾಲದ ಮಲೆನಾಡಿನಲ್ಲಿ ಮುಚ್ಚಿದ ಕೋಣೆಯಲ್ಲಿಟ್ಟರೆ ಹದಿನೈದು ದಿನವೂ ಹಿಡಿಯಬಹುದು, ಜೊತೆಗೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು. ಗೋಡೆಗೆ ಒರಗಿಸದೆ ಬೆನ್ನಿಗೂ ಗಾಳಿ ಆಡುವಂತೆ ಇಡಿ.

ಬಣ್ಣದಿಂದ ಬಣ್ಣಕ್ಕೂ ವ್ಯತ್ಯಾಸವಿದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಒಂದೆರಡು ದಿನದಲ್ಲೇ ಒಣಗುತ್ತದೆ. ತಳದ ಪದರಕ್ಕೆ ಅದನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಐವರಿ ಬ್ಲ್ಯಾಕ್ ಬಲು ಸೋಮಾರಿ. ಕಪ್ಪು ಅಂಗಿಗೆ ಅಂಬರ್ ಬೆರೆಸಿದರೆ ಅಲ್ಲೂ ಅನುಕೂಲ. ನಡುಹಗಲಿನ ಉರಿಬಿಸಿಲಿಗೆ ಇಡಬೇಡಿ, ಕಿಟಕಿಯ ಬೆಳಕು ಸಾಕು. ಕತ್ತಲೆಯ ಅಟ್ಟಕ್ಕೆ ಹಾಕಿದರೆ ಎಣ್ಣೆ ಹಳದಿಗಟ್ಟುತ್ತದೆ.

"ನಮ್ಮದು ಸಣ್ಣ ಫ್ಲಾಟು, ಮನೇಲಿ ಮಗು ಇದೆ. ವಾಸನೆಗೆ ಏನು ಮಾಡಲಿ?"

ವಾಸನೆ ಟರ್ಪೆಂಟೈನಿನದ್ದು, ಬಣ್ಣದ್ದಲ್ಲ. ತಳದ ಪದರ ಹಾಕುವ ದಿನ ಮಾತ್ರ ಬಾಲ್ಕನಿಯಲ್ಲಿ ಕೂರಿ. ಮಿಕ್ಕ ದಿನ ಅದನ್ನು ಬಿಟ್ಟೇ ಕೆಲಸ ಮಾಡಬಹುದು: ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆಯಲ್ಲಿ ಆಡಿಸಿ, ಮತ್ತೆ ಒರೆಸಿ, ಕೊನೆಗೆ ಸೋಪಿನಲ್ಲಿ ತೊಳೆಯಿರಿ.

ವಾಸನೆಗಿಂತ ಹೆದರಬೇಕಾದ್ದು ಒರೆಸಿದ ಬಟ್ಟೆಗೆ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಡಬ್ಬಿಯಲ್ಲಿ ತುರುಕಿದರೆ ಆ ಶಾಖ ಒಳಗೇ ಸೇರಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಇದು ಬೆದರಿಸಲು ಹೇಳುವ ಕತೆಯಲ್ಲ. ಬಟ್ಟೆಗಳನ್ನು ಬಾಲ್ಕನಿಯ ಕಂಬಿಗೆ ಒಂದೊಂದಾಗಿ ಹರಡಿ ಗಟ್ಟಿಯಾಗುವ ತನಕ ಬಿಡಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

## ಕೈ ಪಳಗಿದವರಿಗೆ

"'ಮೇಲಿನ ಪದರಕ್ಕೆ ಎಣ್ಣೆ ಜಾಸ್ತಿ' ಅಂತೀರಲ್ಲ, ಉಲ್ಟಾ ಮಾಡಿದರೆ ಏನಂತೆ?"

ಎಣ್ಣೆ ಜಾಸ್ತಿ ಇರುವ ಪದರ ನಿಧಾನ ಗಟ್ಟಿಯಾಗುತ್ತದೆ, ತುಂಬಾ ದಿನ ಮಿಸುಕಾಡುತ್ತದೆ. ಅದು ಕೆಳಗಿದ್ದು ಮೇಲಿನದು ಮೊದಲೇ ಬಿಗಿದುಕೊಂಡರೆ, ಕೆಳಗಿನದು ಅಲುಗಿದಾಗ ಮೇಲಿನದು ಸೀಳುತ್ತದೆ. ಆದ್ದರಿಂದ ತಳಕ್ಕೆ ಟರ್ಪೆಂಟೈನ್, ಮಧ್ಯದ ಪದರಕ್ಕೆ ಟ್ಯೂಬಿನ ಬಣ್ಣ ಇದ್ದ ಹಾಗೇ, ಕೊನೆಯದಕ್ಕೆ ಎರಡು ಮೂರು ಹನಿ ಎಣ್ಣೆ. ಚಮಚದಲ್ಲಿ ಸುರಿಯಿರಿ ಅಂತಲ್ಲ.

"ಒಣಗಿದ ಮೇಲೆ ಕಪ್ಪೆಲ್ಲ ಬೂದಿ ಬಡಿದ ಹಾಗಾಯ್ತು."

ಕೆಳಗಿನ ಪದರ ಎಣ್ಣೆ ಕುಡಿದುಬಿಟ್ಟಿದೆ, ಬಣ್ಣ ಕೆಟ್ಟಿಲ್ಲ. ಒಣಗಿದ ಜಾಗಕ್ಕೆ ಅಗಸೆ ಎಣ್ಣೆಯನ್ನು ಬೆರಳಿನಲ್ಲಿ ಅತಿ ತೆಳುವಾಗಿ ಉಜ್ಜಿ, ಐದು ನಿಮಿಷದ ಮೇಲೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಕಪ್ಪು ವಾಪಸ್ ಬರುತ್ತದೆ. ಅದರ ಮೇಲೇ ಆ ದಿನದ ಕೆಲಸ ಮುಂದುವರಿಸಬಹುದು.

"ರಾಫೆಲ್ ಬಳಸಿದ ಬಣ್ಣಗಳನ್ನೇ ಬಳಸಬೇಕಲ್ವಾ ನಿಜವಾದ ನಕಲಿಗೆ?"

ಅವನ ಕಾಲದ ಬಿಳಿ ಸೀಸದ್ದು. ಕೆಂಪು ಪಾದರಸ-ಗಂಧಕದ ಹಿಂಗುಲಿಕ. ಎರಡೂ ವಿಷ. ಟೈಟೇನಿಯಂ ವೈಟ್ 20ನೇ ಶತಮಾನದ ಬಣ್ಣ, ಅವನು ಕಂಡೇ ಇಲ್ಲ. ಸೀಸದ ಬಿಳಿಗೆ ಒಂದು ಬೆಚ್ಚನೆಯ, ಅರೆಪಾರದರ್ಶಕ ಗುಣ ಇದೆ, ಬೇಗನೂ ಒಣಗುತ್ತದೆ. ಟೈಟೇನಿಯಂ ಒರಟು ಬಿಳಿ, ಎಲ್ಲವನ್ನೂ ಮುಚ್ಚಿಬಿಡುತ್ತದೆ. ವ್ಯತ್ಯಾಸ ಕಾಣುತ್ತದೆ, ನಿಜ. ಆದರೆ ಅಡುಗೆಮನೆಯ ಪಕ್ಕದಲ್ಲಿ ಕೂತು ಚಿತ್ರ ಮಾಡುವವರು ಸೀಸ ತರುವುದು ಬೇಡ. ಟೈಟೇನಿಯಂಗೆ ಚಿಟಿಕೆ ಓಕರ್ ಬೆರೆಸಿ, ತೆಳುವಾಗಿ ಹಚ್ಚಿ; ಮುಕ್ಕಾಲು ಪಾಲು ದೂರ ಹೋಗುತ್ತೀರಿ.

"ಎಲ್ಲಾ ಸರಿ ಇದೆ, ಆದರೆ ಅವನ ಹಾಗೆ ಕಾಣ್ತಿಲ್ಲ. ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗ್ತಿಲ್ಲ."

ದಿನವೂ ನೋಡಿ ಕಣ್ಣು ತಪ್ಪಿಗೆ ಒಗ್ಗಿಹೋಗಿದೆ. ಕನ್ನಡಿಯಲ್ಲಿ ಎರಡನ್ನೂ ಒಟ್ಟಿಗೆ ನೋಡಿ. ಅಥವಾ ಎರಡನ್ನೂ ತಲೆಕೆಳಗು ಮಾಡಿ ಒಂದು ದಿನ ಕೆಲಸ ಮಾಡಿ. ನನ್ನ ಅನುಭವದಲ್ಲಿ ತಪ್ಪು ಬಹಳ ಸಲ ಕಣ್ಣಿನಲ್ಲಾಗಲಿ ತುಟಿಯಲ್ಲಾಗಲಿ ಇರುವುದಿಲ್ಲ. ಎರಡು ಕಣ್ಣಿನ ನಡುವಿನ ಅಂತರ, ಮೂಗಿನ ಬುಡದಿಂದ ತುಟಿಗೆ ಇರುವ ದೂರ, ಟೊಪ್ಪಿಗೆಯ ಅಗಲ, ಇಲ್ಲೇ ಎಲ್ಲೋ ಇರುತ್ತದೆ. ಟೊಪ್ಪಿಗೆಯನ್ನು ಯಾರೂ ಅಳೆಯುವುದಿಲ್ಲ. ಅದು ಮುಖಕ್ಕಿಂತ ಎಷ್ಟು ಅಗಲ ಅಂತ ಕಡ್ಡಿ ಹಿಡಿದು ನೋಡಿ, ದಂಗಾಗುತ್ತೀರಿ.

ಅದೂ ಸರಿಯಿದ್ದರೆ ಅಂಚುಗಳನ್ನು ನೋಡಿ. ಹೊಸಬರು ಎಲ್ಲ ಅಂಚನ್ನೂ ಒಂದೇ ಚೂಪಿನಲ್ಲಿ ಬರೆಯುತ್ತಾರೆ. ರಾಫೆಲ್ ಚೂಪು ಇಟ್ಟಿರುವುದು ಕೆಲವೇ ಕಡೆ.

"ಮ್ಯೂಸಿಯಂನಲ್ಲೇ ಕೂತು ಮೂಲ ನೋಡಿ ನಕಲು ಮಾಡೋಕೆ ಬಿಡ್ತಾರಾ?"

ಲೂವ್ರ್ 1793ರಲ್ಲಿ ಸಾರ್ವಜನಿಕರ ಮ್ಯೂಸಿಯಂ ಆದಾಗಿನಿಂದಲೂ ನಕಲು ಮಾಡುವವರಿಗೆ ಅಲ್ಲಿ ಜಾಗವಿದೆ. ಈಗ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ನಿಮ್ಮ ಕ್ಯಾನ್ವಾಸ್ ಮೂಲದ ಅಳತೆಯದ್ದಾಗಿರಬಾರದು, ಮೂಲ ಕಲಾವಿದನ ಸಹಿ ಹಾಕುವಂತಿಲ್ಲ. ಪ್ಯಾರಿಸ್ಸಿನಲ್ಲಿ ಮಗ, ಮಗಳು ಇರುವವರು ಯೋಚಿಸಬಹುದು.

ನಮ್ಮಲ್ಲಿರುವವರು ಪದರ ಹಾಕಿದ ತೈಲವರ್ಣ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳ ಮುಂದೆ ನಿಲ್ಲಿ. ನೇರ ಎದುರಿಗೆ ಅಲ್ಲ, ಬೆಳಕು ಜಾರುವ ಹಾಗೆ ಓರೆಯಲ್ಲಿ. ಒಡವೆಯ ಹೊಳಪು ಉಬ್ಬಿರುವುದು, ನೆರಳು ತೆಳ್ಳಗೆ ಹಿಂದೆ ಸರಿದಿರುವುದು ಕಾಣುತ್ತದೆ. ರವಿವರ್ಮ ಈ ವಿದ್ಯೆ ಕಲಿತದ್ದರಲ್ಲಿ ತಿರುವಾಂಕೂರಿನ ಆಸ್ಥಾನಕ್ಕೆ ಬಂದಿದ್ದ ಯುರೋಪಿನ ಚಿತ್ರಕಾರ ಥಿಯೋಡರ್ ಜೆನ್ಸನ್ ಕೆಲಸ ಮಾಡುವುದನ್ನು ನೋಡನೋಡುತ್ತ ಕಲಿತದ್ದೂ ಸೇರಿದೆ. ಅಲ್ಲೇ ಇರುವ, ದೀಪ ಹಿಡಿದ ಹೆಂಗಸಿನ ಪ್ರಸಿದ್ಧ ಚಿತ್ರದ ಮುಂದೆ ನಿಂತು ತೈಲವರ್ಣ ಕಲಿಯಲು ಹೋಗಬೇಡಿ. ಅದು ಹಲ್ದಣ್‌ಕರ್ ಮಾಡಿದ ಜಲವರ್ಣ, ರವಿವರ್ಮನದ್ದೂ ಅಲ್ಲ.

"ಇದನ್ನು ಮಾರಬಹುದಾ? ಸಹಿ ಯಾರದ್ದು ಹಾಕಲಿ?"

ರಾಫೆಲ್ ತೀರಿಕೊಂಡದ್ದು 1520ರಲ್ಲಿ, ಹಕ್ಕುಸ್ವಾಮ್ಯದ ತಕರಾರಿಲ್ಲ. ನಕಲು ಅಂತ ಹೇಳಿ ಮಾರಿದರೆ ತಪ್ಪಿಲ್ಲ, ಮೂಲ ಅಂತ ನಂಬಿಸಿದರೆ ಅಪರಾಧ. ಕ್ಯಾನ್ವಾಸಿನ ಬೆನ್ನಿಗೆ ನಿಮ್ಮ ಹೆಸರು, ವರ್ಷ, 'ರಾಫೆಲ್ ಕೃತಿಯ ನಕಲು' ಎಂದು ಬರೆಯಿರಿ. ಮಾರುವುದಾದರೂ ಆರು ತಿಂಗಳು ತಡೆಯಿರಿ. ಒಳಗಿನ ತನಕ ಗಟ್ಟಿಯಾಗದೆ ವಾರ್ನಿಶ್ ಹಚ್ಚಬಾರದು.

"ಇದು ಮುಗೀತು. ಈಗ ನಮ್ಮ ಅಪ್ಪನ ಚಿತ್ರ ಮಾಡಬೇಕು, ಹೇಗೆ ಶುರು ಮಾಡಲಿ?"

ಮದುವೆ ಆಲ್ಬಮ್ಮಿನ ಫೋಟೋ ಬೇಡ. ಫ್ಲಾಶ್ ಬೆಳಕು ಎದುರಿನಿಂದ ಹೊಡೆದು ಮುಖದ ನೆರಳನ್ನೆಲ್ಲ ಅಳಿಸಿರುತ್ತದೆ, ಕಟ್ಟಲು ಏನೂ ಉಳಿದಿರುವುದಿಲ್ಲ. ಅಪ್ಪನನ್ನೇ ಬೆಳಿಗ್ಗೆ ಒಂದು ಕಿಟಕಿಯ ಪಕ್ಕ ಕೂರಿಸಿ. ಉಳಿದ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಹಿಂದೆ ಮಾಸಲು ಬಣ್ಣದ ಹೊದಿಕೆ ಒಂದನ್ನು ತೂಗುಹಾಕಿ. ಮೈ ಓರೆ, ಮುಖ ನಿಮ್ಮ ಕಡೆ. ಭಂಗಿ ಕಾಸ್ತಿಲ್ಯೋನೆಯದೇ ಇರಲಿ, ಕೈ ಆ ದಾರಿ ಬಲ್ಲದು.

ಅವೇ ಆರು ಟ್ಯೂಬು ಸಾಕು, ಪ್ರಮಾಣ ಮಾತ್ರ ಬದಲು. ನಮ್ಮ ಮೈಬಣ್ಣಕ್ಕೆ ಬಿಳಿಯಿಂದ ಶುರು ಮಾಡಬೇಡಿ. ಓಕರ್, ಲೈಟ್ ರೆಡ್, ಅಂಬರ್ ಸೇರಿಸಿ ನಡುಛಾಯೆ ಮೊದಲು ಮಾಡಿ, ಅದರಿಂದ ಮೇಲಕ್ಕೂ ಕೆಳಕ್ಕೂ ಹೋಗಿ. ಕಪ್ಪು ಮೈಯ ಮೇಲಿನ ಹೊಳಪಿನಲ್ಲಿ ಕಿಟಕಿಯಾಚೆಯ ಆಕಾಶದ ತಂಪು ಇರುತ್ತದೆ. ಹಣೆ, ಕೆನ್ನೆಮೂಳೆಯ ಮೇಲೆ ಅದಕ್ಕೆ ಕಪ್ಪು-ಬಿಳಿಯ ಆ ತಣ್ಣನೆಯ ಬೂದನ್ನೇ ಚೂರು ಬೆರೆಸಿ. ಅಪ್ಪನಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಏಳಲು ಬಿಡಿ. ಎದ್ದು ಹೋಗುವ ಮುಂಚೆ ಕುರ್ಚಿಯ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.